ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ನೋಡಿದ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್ ಮಧ್ಯದಲ್ಲಿ ರಾಜ್ಯದ ಥಿಯೇಟರ್‌ಗಳು ಮುಚ್ಚಿದವು. ಇನ್ನೂ ಹದಿನೈದು ದಿನ ಆಗಿರಲಿಲ್ಲ, ಇಡೀ ದೇಶಕ್ಕೇ ಬೀಗ ಬಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಟಿವಿ, ಅದರ ಮುಂದೆ ಮೂರು ತಲೆಮಾರು. ಆಗ ನೋಡಿದ ಸಿನಿಮಾಗಳ ಬಗ್ಗೆ ನೆಂಟರಿಗೆ, ಸ್ನೇಹಿತರಿಗೆ ಫೋನಿನಲ್ಲಿ ಹೇಳುತ್ತಾ ಹೋದೆ. ಇವತ್ತಿಗೂ ಅವರು "ಏನಾದ್ರೂ ಒಳ್ಳೇದು ಇದ್ರೆ ಹೇಳು" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಇದು ಪೂರ್ತಿ ನನ್ನ ಸ್ವಂತ ಆಯ್ಕೆ. ನನ್ನ ಲೆಕ್ಕ ಸುಲಭ: ಮೊದಲು ನಮ್ಮ ಸೀಮೆಯ ಸಿನಿಮಾ ನೋಡಿ, ದೂರದ್ದು ಆಮೇಲೆ. ಮತ್ತೆ, ಸ್ಟಾರ್ ರೇಟಿಂಗ್ ನೋಡುವುದಕ್ಕಿಂತ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ ಸಿನಿಮಾ ಹಾಕಿ.

ಒಂದೇ ಒಂದು ಸಿನಿಮಾ ಹೇಳಿ ಅಂದ್ರೆ ಯಾವುದು ಹೇಳ್ತೀರಿ?

'ತಿಥಿ'. ಎರಡು ಮಾತಿಲ್ಲ.

ರಾಮ್ ರೆಡ್ಡಿ ನಿರ್ದೇಶನ. ಈರೇಗೌಡರ ಜೊತೆ ಸೇರಿ ಬರೆದದ್ದು. ಚಿತ್ರೀಕರಣ ಆಗಿದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನಟಿಸಿದವರು ಹೆಚ್ಚುಕಮ್ಮಿ ಎಲ್ಲರೂ ಅದೇ ಊರಿನ, ಸುತ್ತಮುತ್ತಲ ಹಳ್ಳಿಯ ಜನ. ಅದಕ್ಕೆ ಮುಂಚೆ ಕ್ಯಾಮೆರಾ ಮುಂದೆ ನಿಂತವರಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಮರುವರ್ಷ ನಮ್ಮ ಥಿಯೇಟರ್‌ಗಳಿಗೆ ಬಂತು. ನೂರಾ ಒಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತಾ ಕೂತಿದ್ದವನು ಹಾಗೇ ಸತ್ತುಹೋಗುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಅನ್ನೋದೇ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಕೈಯಲ್ಲೊಂದು ಸಣ್ಣ ಬಾಟ್ಲಿ ಹಿಡಿದು ಬದುವಿನ ಮೇಲೆ ನಡೆಯುತ್ತಾ ಇದ್ದುಬಿಡುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಬೇಕು. ಅಪ್ಪ ಬದುಕಿರುವಾಗಲೇ ಡೆತ್ ಸರ್ಟಿಫಿಕೇಟ್ ಮಾಡಿಸೋಕೆ ಓಡಾಡುತ್ತಾನೆ. ಮರಿಮಗನಿಗೆ ಕುರಿ ಕಾಯುವವರ ಹುಡುಗಿ ಬೇಕು.

ನಮ್ಮ ಮನೆಯಲ್ಲಿ ಇದನ್ನು ನೋಡಿದಾಗ ಲಾಕ್‌ಡೌನ್‌ಗೆ ಸಿಕ್ಕಿಹಾಕಿಕೊಂಡು ಪಾಂಡವಪುರ ಕಡೆಯ ಸೋದರಮಾವ ಇದ್ದರು. ಸಿನಿಮಾ ಅಂದರೆ ಫೈಟು, ಹಾಡು ಇರಬೇಕು ಅನ್ನುವವರು. ಶುರುವಾಗಿ ಸ್ವಲ್ಪ ಹೊತ್ತಿಗೇ ಟಿವಿ ಜೊತೆ ಮಾತಾಡೋಕೆ ಶುರುಮಾಡಿದರು. "ಅಲ್ಲಾ ಕಣಪ್ಪ, ಪಾಣಿ ಯಾರ ಹೆಸ್ರಲ್ಲೈತೆ ಅಂತ ಮೊದ್ಲು ನೋಡ್ಬೇಕಲ್ವಾ" ಅಂತ ತಮ್ಮಣ್ಣನಿಗೇ ಬುದ್ಧಿ ಹೇಳಿದರು. ರಾತ್ರಿ ಬೆಂಕಿ ಮುಂದೆ ಗಡ್ಡಪ್ಪ ತನ್ನ ಕಥೆ ಹೇಳುವ ದೃಶ್ಯ ಬಂದಾಗ ಮಾತು ನಿಂತಿತು. ಮುಗಿದ ಮೇಲೂ ಸುಮಾರು ಹೊತ್ತು ಏನೂ ಮಾತಾಡದೆ ಕೂತಿದ್ದರು. ಆ ದೃಶ್ಯದಲ್ಲಿ ಏನಿದೆ ಅಂತ ನಾನು ಹೇಳಲ್ಲ, ನೀವೇ ನೋಡಿ.

ಒಂದು ಸೂಚನೆ: ಬೈಗುಳ ಜಾಸ್ತಿ ಇದೆ. ಹಳ್ಳಿಯಲ್ಲಿ ಜನ ಬೈಯುವ ಹಾಗೇ ಇದೆ. ಚಿಕ್ಕ ಮಕ್ಕಳು ಮಲಗಿದ ಮೇಲೆ ಹಾಕಿ.

ಅವಾರ್ಡ್ ಸಿನಿಮಾ ಅಂದ್ರೆ ಬೋರ್ ಹೊಡೆಯಲ್ವಾ?

ಕೆಲವು ಹೊಡೆಯುತ್ತವೆ. 'ತಿಥಿ' ಹೊಡೆಯಲ್ಲ. ನಿಧಾನವಾದ ಸಿನಿಮಾ ನೋಡೋಕೆ ಹೊತ್ತು ಗೊತ್ತು ಇರಬೇಕು. ಮಧ್ಯಾಹ್ನ ಮುದ್ದೆ ಊಟ ಆದಮೇಲೆ ಹಾಕಿದರೆ ಎಂಥಾ ಸಿನಿಮಾ ಆದರೂ ನಿದ್ದೆ ಬರುತ್ತೆ. ಸಂಜೆ ಕಾಫಿ ಕುಡಿದು, ಫೋನು ಪಕ್ಕಕ್ಕಿಟ್ಟು, ಲೈಟು ಆರಿಸಿ ಹಾಕಿ. ಮೊದಲ ಇಪ್ಪತ್ತು ನಿಮಿಷ ತಾಳ್ಮೆ ಕೊಡಿ. ಆಗಲೂ ಹಿಡಿಸದಿದ್ದರೆ ಧಾರಾಳವಾಗಿ ನಿಲ್ಲಿಸಿ, ಸಿನಿಮಾ ಪೂರ್ತಿ ನೋಡಲೇಬೇಕು ಅಂತ ಯಾರ ಕಟ್ಟಳೆಯೂ ಇಲ್ಲ.

ಪುಟ್ಟಣ್ಣ ಕಣಗಾಲ್ ಸಿನಿಮಾ ಎಲ್ಲಿಂದ ಶುರು ಮಾಡಲಿ?

'ಶರಪಂಜರ'ದಿಂದ. ಪುಟ್ಟಣ್ಣ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ಕಾದಂಬರಿ ಮೈಸೂರಿನ ತ್ರಿವೇಣಿಯವರದು. ಸಿನಿಮಾ ಬಂದದ್ದು 1971ರಲ್ಲಿ, ಅದನ್ನು ನೋಡೋಕೆ ತ್ರಿವೇಣಿ ಇರಲಿಲ್ಲ. 1963ರಲ್ಲೇ ತೀರಿಕೊಂಡಿದ್ದರು, ಇನ್ನೂ ಚಿಕ್ಕ ವಯಸ್ಸು.

ಕಾವೇರಿ ಅನ್ನುವ ಹೆಣ್ಣುಮಗಳು ಹೆರಿಗೆಯಾದ ಮೇಲೆ ಮಾನಸಿಕವಾಗಿ ಕುಸಿಯುತ್ತಾಳೆ. ಆಸ್ಪತ್ರೆಗೆ ಹೋಗಿ ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಗಿದೆ, ಆದರೆ ಮನೆಯವರ ಕಣ್ಣಿನಲ್ಲಿ ಅವಳು ಇನ್ನೂ ಹುಚ್ಚಿಯೇ. ಅವಳು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಸಿನಿಮಾದ ಈ ಎರಡನೇ ಅರ್ಧವನ್ನು ಲಾಕ್‌ಡೌನ್‌ನಲ್ಲಿ ನೋಡಿದಾಗ ಎದೆ ಭಾರ ಆಯಿತು. ಕೊರೊನಾ ಬಂದು ವಾಸಿಯಾಗಿ ಬಂದವರನ್ನು ನಮ್ಮ ಬೀದಿಗಳಲ್ಲೇ ಜನ ಹೇಗೆ ನೋಡುತ್ತಿದ್ದರು ಅಂತ ನೆನಪಿದೆ ಅಲ್ವಾ? ಗೇಟಿನ ಹತ್ತಿರವೂ ಯಾರೂ ಬರುತ್ತಿರಲಿಲ್ಲ. ಕಲ್ಪನಾ ಅವರ ಮುಖ ನೋಡುತ್ತಾ ನನಗೆ ಅದೇ ತಲೆಯಲ್ಲಿ ಓಡುತ್ತಿತ್ತು. ಅವರ ನಟನೆ ಕೆಲವು ಕಡೆ ಈಗಿನವರಿಗೆ ಜೋರು ಅನ್ನಿಸಬಹುದು. ಅಜ್ಜಿ, ಅಮ್ಮ ಪಕ್ಕದಲ್ಲಿದ್ದರೆ ಹಾಗೆ ಅನ್ನಿಸಲ್ಲ. ಅವರು ನೋಡುವ ರೀತಿಯೇ ನಿಮಗೆ ಆ ಸಿನಿಮಾವನ್ನು ಅರ್ಥ ಮಾಡಿಸುತ್ತೆ.

ಆಮೇಲೆ 'ನಾಗರಹಾವು', 1972. ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿ ಮಾಡಿದ ಸಿನಿಮಾ. ನಮ್ಮ ಸೀಮೆಯವರು ನೋಡಲೇಬೇಕಾದ ಇನ್ನೂ ಇಬ್ಬರು ಇದರಲ್ಲಿದ್ದಾರೆ. ಚಾಮಯ್ಯ ಮೇಷ್ಟ್ರಾಗಿ ಮೈಸೂರಿನ ಅಶ್ವಥ್, ಹುಡುಗಿಯರನ್ನು ಕಾಡುವ ಜಲೀಲನಾಗಿ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಹುಡುಗ ಅಂಬರೀಶ್. ಅಂಬರೀಶ್ ಅವರಿಗೆ ಅದೇ ಮೊದಲ ಸಿನಿಮಾ. ಇರುವುದು ಸ್ವಲ್ಪವೇ ಹೊತ್ತು, ಆದರೆ ಕಣ್ಣು ಅವರ ಮೇಲೇ ಹೋಗುತ್ತೆ.

ಅಣ್ಣಾವ್ರದು ಒಂದು?

'ಬಂಗಾರದ ಮನುಷ್ಯ', 1972. ಬೆಂಗಳೂರಲ್ಲಿ ಕೆಲಸ ಹೋಗಿ ಅಥವಾ ವರ್ಕ್ ಫ್ರಂ ಹೋಂ ಅಂತ ಮಂಡ್ಯ ಕಡೆಯ ಎಷ್ಟೋ ಹುಡುಗರು ಊರಿಗೆ ಬಂದು, ಅಪ್ಪನ ಜೊತೆ ಗದ್ದೆಗೆ ಇಳಿದದ್ದು ಲಾಕ್‌ಡೌನ್‌ನ ಆ ವರ್ಷದಲ್ಲಿ. ಅಕ್ಕನ ಸಂಸಾರ ಕೈಬಿಟ್ಟು ಹೋಗಬಾರದು ಅಂತ ಹಳ್ಳಿಯಲ್ಲೇ ನಿಂತು ಬೇಸಾಯ ಮಾಡುವ ರಾಜೀವಪ್ಪನ ಕಥೆ ಅವರಿಗೆ ಬೇರೆ ಥರ ಕೇಳಿಸುತ್ತೆ. ಸಿದ್ದಲಿಂಗಯ್ಯ ನಿರ್ದೇಶನ, ಟಿ.ಕೆ. ರಾಮರಾಯರ ಕಾದಂಬರಿ. ಕೊನೆಯ ಭಾಗಕ್ಕೆ ಕರ್ಚೀಫು ಇಟ್ಟುಕೊಳ್ಳಿ. ಇದಾದ ಮೇಲೆ 'ಕಸ್ತೂರಿ ನಿವಾಸ' ನೋಡಬಹುದು, ಆದರೆ ಎರಡನ್ನೂ ಒಂದೇ ದಿನ ಬೇಡ.

ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಕೂತು ನಗೋಕೆ?

'ಗಣೇಶನ ಮದುವೆ'. 1990ರದ್ದು, ಫಣಿ ರಾಮಚಂದ್ರ ನಿರ್ದೇಶನ. ಒಂದು ವಠಾರ, ಅಕ್ಕಪಕ್ಕದ ಮನೆಯಲ್ಲಿದ್ದುಕೊಂಡು ದಿನಾ ಜಗಳ ಆಡುವ ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್. ಇಬ್ಬರಿಗೂ ಗೊತ್ತಿಲ್ಲದ ಒಂದು ವಿಷಯ ನೋಡುವ ನಮಗೆ ಗೊತ್ತಿರುತ್ತೆ. ನಗು ಹುಟ್ಟೋದೇ ಅಲ್ಲಿ. ಯಾರನ್ನೂ ಹೀಯಾಳಿಸದೆ ಇಷ್ಟು ನಗಿಸುವ ಸಿನಿಮಾ ಅಪರೂಪ.

ಮಕ್ಕಳಿಗೆ 'ಮಾಲ್ಗುಡಿ ಡೇಸ್' ಹಾಕಿ. ಸಿನಿಮಾ ಅಲ್ಲ, ಧಾರಾವಾಹಿ. ಆದರೆ ಪಟ್ಟಿಯಲ್ಲಿ ಬಿಡೋಕೆ ಮನಸ್ಸಿಲ್ಲ. ಆರ್.ಕೆ. ನಾರಾಯಣ್ ಇದ್ದದ್ದು ನಮ್ಮ ಯಾದವಗಿರಿಯಲ್ಲಿ, ಆ ಮನೆ ಈಗ ಮ್ಯೂಸಿಯಂ. ಶಂಕರ್ ನಾಗ್ ಚಿತ್ರೀಕರಿಸಿದ್ದು ಆಗುಂಬೆಯಲ್ಲಿ. ಮಾತು ಹಿಂದಿಯಲ್ಲಿದೆ. ಆದರೂ ಸ್ವಾಮಿಯ ಕಂತುಗಳಿಗೆ ಭಾಷೆ ಅಡ್ಡ ಬರಲ್ಲ. ನಮ್ಮ ಅಕ್ಕನ ಮಗಳು ನೋಡಿ ಮುಗಿಸಿದವಳೇ ಯಾದವಗಿರಿ ಮನೆ ತೋರಿಸಿ ಅಂತ ಹಟ ಹಿಡಿದಳು. ಲಾಕ್‌ಡೌನ್ ಸಡಿಲವಾದ ಮೇಲೆ ಕರೆದುಕೊಂಡು ಹೋದೆವು, ಗೇಟಿನಿಂದಲೇ ನೋಡಿ ಬಂದಳು.

ಮೈಸೂರು ಸೀಮೆಯ ಕಥೆ ಇರೋ ಹಳೇ ಸಿನಿಮಾ ಬೇರೆ?

'ವಂಶವೃಕ್ಷ', 1971. ಭೈರಪ್ಪನವರ ಕಾದಂಬರಿ. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಇಬ್ಬರೂ ಸೇರಿ ನಿರ್ದೇಶಿಸಿದ್ದು. ನಂಜನಗೂಡಿನ ಶ್ರೋತ್ರಿಗಳ ಮನೆ, ಗಂಡ ತೀರಿಕೊಂಡ ಸೊಸೆ ಮೈಸೂರಿಗೆ ಓದೋಕೆ ಹೋಗುವುದು, ಮತ್ತೆ ಮದುವೆಯಾಗಬೇಕು ಅಂತ ಅವಳು ತೀರ್ಮಾನಿಸುವುದು. ಕಾದಂಬರಿ ಓದಿದವರು ಸಿನಿಮಾ ಸರಿಯಿಲ್ಲ ಅಂತ ವಾದ ಮಾಡುತ್ತಾರೆ, ಮಾಡಲಿ. ನೋಡಿದ ಮೇಲೆ ಮನೆಯಲ್ಲಿ ಜಗಳ ಆಗುವಷ್ಟು ಚರ್ಚೆ ಆಗುತ್ತೆ, ನನಗೆ ಅದೇ ಇಷ್ಟ.

ಕಾರಂತರ ಹೆಸರು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಮುಂದೆ ಮೈಸೂರಿನ ರಂಗಾಯಣ ಕಟ್ಟಿದ್ದು ಅವರೇ. ಅವರ 'ಚೋಮನ ದುಡಿ'ಯನ್ನೂ ನೋಡಿ. ದುಡಿಯ ಸದ್ದು ಕೇಳೋಕೆ ಟಿವಿ ಸ್ಪೀಕರ್ ಸಾಲದು, ಒಳ್ಳೆ ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ.

ಸರ್ಕಾರಿ ಕಚೇರಿ, ಅರ್ಜಿ, ಅಲೆದಾಟ ಇಂಥದ್ದರ ಬಗ್ಗೆ ಸಿನಿಮಾ ಹೇಳಿದ್ರಲ್ಲ, ಯಾವುದದು?

ಎರಡಿವೆ, ಒಂದರ ಹಿಂದೆ ಒಂದು ನೋಡಿ. ಮೊದಲು 'ತಬರನ ಕಥೆ'. 1986ರ ಸಿನಿಮಾ, ಗಿರೀಶ್ ಕಾಸರವಳ್ಳಿ ನಿರ್ದೇಶನ, ಪೂರ್ಣಚಂದ್ರ ತೇಜಸ್ವಿಯವರ ಕಥೆ. ಆ ವರ್ಷದ ಅತ್ಯುತ್ತಮ ಚಿತ್ರ ರಾಷ್ಟ್ರ ಪ್ರಶಸ್ತಿ ಇದಕ್ಕೇ ಬಂತು, ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೂ ಅತ್ಯುತ್ತಮ ನಟ ಪ್ರಶಸ್ತಿ ಬಂತು. ತಬರ ಜೀವಮಾನವೆಲ್ಲ ಸರ್ಕಾರದ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಪೆನ್ಷನ್ ಬರಲ್ಲ. ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತೆ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಾ ಇರುತ್ತೆ. ಒಬ್ಬ ಅಧಿಕಾರಿಯೂ ರಾಕ್ಷಸನಲ್ಲ, ಎಲ್ಲರೂ ರೂಲ್ಸ್ ಪ್ರಕಾರವೇ ಮಾತಾಡುತ್ತಾರೆ. ಅದೇ ಭಯ ಹುಟ್ಟಿಸೋದು.

ನಮ್ಮ ದೊಡ್ಡಪ್ಪ ನಿವೃತ್ತರಾದ ಮೇಲೆ ಒಂದು ಸಹಿಗೋಸ್ಕರ ಒಂದು ಕಚೇರಿಗೆ ತಿಂಗಳುಗಟ್ಟಲೆ ತಿರುಗಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್‌ಗಳನ್ನು ಮಡಚಿಟ್ಟುಕೊಂಡು, ಬೆಳಗ್ಗೆ ಬಸ್ಸಿಗೆ ಹೋಗಿ, ಸಂಜೆ ಅದೇ ಕವರು ಹಿಡಿದು ಬರೋರು. ತಬರ ಬಾಗಿಲ ಹತ್ತಿರ ಕಾಯುತ್ತಾ ನಿಲ್ಲುವುದನ್ನು ನೋಡುವಾಗ ನನಗೆ ಆ ಕವರು ಕಂಡಿತು.

ಆಮೇಲೆ 'ಆಕ್ಟ್ 1978'. ಮಂಸೋರೆ ನಿರ್ದೇಶನ. ಥಿಯೇಟರ್‌ಗಳು ಮತ್ತೆ ತೆರೆದ ಮೇಲೆ, 2020ರ ನವೆಂಬರ್‌ನಲ್ಲಿ, ಧೈರ್ಯ ಮಾಡಿ ಬಂದ ಹೊಸ ಕನ್ನಡ ಸಿನಿಮಾ. ಅಲೆದು ಅಲೆದು ಬೇಸತ್ತ ಗರ್ಭಿಣಿಯೊಬ್ಬಳು ಕಚೇರಿಯನ್ನೇ ಒತ್ತೆ ಇಟ್ಟುಕೊಳ್ಳುತ್ತಾಳೆ. ಯಜ್ಞಾ ಶೆಟ್ಟಿ ಕಣ್ಣಲ್ಲೇ ನಟಿಸಿದ್ದಾರೆ. ತಬರ ಕೈಮುಗಿದು ನಿಂತಿದ್ದ, ಇವಳು ಕೈಮುಗಿಯಲ್ಲ. ನಡುವೆ ಮೂವತ್ತು ವರ್ಷದ ಮೇಲಾಗಿದೆ, ಮೇಜು ಕುರ್ಚಿ ಮಾತ್ರ ಅಲ್ಲೇ ಇವೆ. ಸಿನಿಮಾವಾಗಿ 'ತಬರನ ಕಥೆ'ಯೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಆದರೆ ಜೊತೆಯಲ್ಲಿ ನೋಡಿದಾಗ ಎರಡಕ್ಕೂ ಬಲ ಜಾಸ್ತಿ.

ಲಾಕ್‌ಡೌನ್‌ನಲ್ಲೇ ಬಂದ ಹೊಸ ಕನ್ನಡ ಸಿನಿಮಾಗಳು ಹೇಗಿದ್ದವು?

2020ರ ಜುಲೈನಲ್ಲಿ 'ಲಾ', ಅದರ ಹಿಂದೆಯೇ 'ಫ್ರೆಂಚ್ ಬಿರಿಯಾನಿ' ಥಿಯೇಟರ್‌ಗೆ ಬರದೆ ನೇರ ಅಮೆಜಾನ್ ಪ್ರೈಮ್‌ಗೆ ಬಂದವು. ಎರಡೂ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯವು. ಹೊಸಬರಿಗೆ ಅವಕಾಶ ಕೊಟ್ಟ ದೊಡ್ಡ ಮನಸ್ಸು ಅದು. ಸಿನಿಮಾಗಳು ಒಂದು ಸಲ ನೋಡಬಹುದು, ಅಷ್ಟೆ. ನನಗೆ ಹಿಡಿಸಿದ್ದು 'ಭೀಮಸೇನ ನಳಮಹಾರಾಜ', ಅಡುಗೆ ಬಗ್ಗೆ ಪ್ರೀತಿ ಇರುವವರಿಗೆ.

'ದಿಯಾ', 'ಲವ್ ಮಾಕ್‌ಟೇಲ್' ಎರಡೂ 2020ರ ಶುರುವಿನಲ್ಲಿ ಥಿಯೇಟರ್‌ಗೆ ಬಂದಿದ್ದವು. ಜನ ಗುಂಪು ಗುಂಪಾಗಿ ನೋಡಿದ್ದು ಮನೆಯಲ್ಲಿ. 'ದಿಯಾ' ನೋಡಿ, ಆದರೆ ಮನಸ್ಸು ಗಟ್ಟಿ ಇರುವ ದಿನ ನೋಡಿ.

ಬೇರೆ ಭಾಷೆಯದ್ದು?

ಮಲಯಾಳಂ. ನಮಗೆ ಅತ್ತ ಬಾವಲಿ, ಇತ್ತ ಗುಂಡ್ಲುಪೇಟೆ ದಾಟಿದರೆ ಕೇರಳ. ಸಿನಿಮಾ ಮಾತ್ರ ಲಾಕ್‌ಡೌನ್ ಬರೋವರೆಗೆ ದೂರವೇ ಇತ್ತು. 'ಕುಂಬಳಂಗಿ ನೈಟ್ಸ್' ಮೊದಲು. ಅಣ್ಣತಮ್ಮಂದಿರ ಕಥೆ ಹೇಳುವ ಸಿನಿಮಾಗಳಲ್ಲಿ ಇಷ್ಟು ಮೃದುವಾದದ್ದು ನಾನು ಕಂಡಿಲ್ಲ. 'ಸಿ ಯು ಸೂನ್' ಲಾಕ್‌ಡೌನ್ ಸಮಯದಲ್ಲೇ ಚಿತ್ರೀಕರಿಸಿದ್ದು, ಕಥೆ ಪೂರ್ತಿ ಫೋನ್, ಲ್ಯಾಪ್‌ಟಾಪ್ ಪರದೆಯ ಮೇಲೇ ನಡೆಯುತ್ತೆ.

2021ರ ಜನವರಿಯಲ್ಲಿ ಬಂದ 'ದಿ ಗ್ರೇಟ್ ಇಂಡಿಯನ್ ಕಿಚನ್' ಅನ್ನು ಮನೆಯ ಗಂಡಸರು ಹೆಂಗಸರು ಒಟ್ಟಿಗೇ ಕೂತು ನೋಡಬೇಕು. ಎಲ್ಲರೂ ಮನೆಯಲ್ಲೇ ಇದ್ದ ಆ ತಿಂಗಳುಗಳಲ್ಲಿ ಮೂರು ಹೊತ್ತೂ ಅಡುಗೆ, ಮಧ್ಯೆ ಕಾಫಿ, ಸಂಜೆಗೆ ಬೋಂಡಾ. ಮಾಡಿದವರು ಯಾರು? ಸಿಂಕಿನ ಕೆಳಗೆ ಪೈಪು ಸೋರಿ, ಆ ಕೊಳೆ ನೀರನ್ನು ದಿನಾ ಬಳಿಯುವ ದೃಶ್ಯ ಬಂದಾಗ ನಮ್ಮಮ್ಮ "ಸ್ವಲ್ಪ ನಿಲ್ಸು" ಅಂದರು. ಎದ್ದು ಹೋಗಿ ನೀರು ಕುಡಿದು ಬಂದು, "ಇದನ್ನ ತೆಗ್ದೋರಿಗೆ ಅಡುಗೆಮನೆ ಗೊತ್ತು, ಹಾಕು" ಅಂದರು. ಅಪ್ಪ ಏನೂ ಹೇಳಲಿಲ್ಲ. ಅವತ್ತಿನಿಂದ ಅವರ ತಟ್ಟೆ ಅವರೇ ತೊಳೆಯುತ್ತಾರೆ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಆಗಲ್ಲ. ಏನು ಮಾಡೋದು?

ಮಾತೇ ಇಲ್ಲದ್ದು ಹಾಕಿ. ಚಾಪ್ಲಿನ್‌ನ 'ದಿ ಕಿಡ್' 1921ರದ್ದು. ನೂರು ವರ್ಷ ಆಯಿತು, ನಮ್ಮಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಹುಡುಗನನ್ನು ಎತ್ತಿಕೊಂಡು ಹೋಗುವಾಗ ಕಣ್ಣೊರೆಸಿಕೊಂಡರು. ನಡುವೆ ಬರುವ ಬರಹವನ್ನು ಯಾರಾದರೂ ಓದಿ ಹೇಳಿದರೆ ಸಾಕು. ಇರಾನಿನ 'ಚಿಲ್ಡ್ರನ್ ಆಫ್ ಹೆವನ್' ಇನ್ನೊಂದು. ಅಣ್ಣ ತಂಗಿ ಇಬ್ಬರಿಗೂ ಸೇರಿ ಒಂದೇ ಜೊತೆ ಶೂ, ಅವಳು ಬೆಳಗ್ಗೆ ಶಾಲೆಗೆ ಹಾಕಿಕೊಂಡು ಹೋಗಿ ಓಡಿ ಬರಬೇಕು, ಇವನು ಅದನ್ನೇ ಹಾಕಿಕೊಂಡು ಮಧ್ಯಾಹ್ನ ಓಡಬೇಕು. ಮಾತು ಕಡಿಮೆ, ಬಡತನ ಯಾವ ದೇಶದಲ್ಲಾದರೂ ಅರ್ಥ ಆಗುತ್ತೆ. ಮಧ್ಯೆ ಮಧ್ಯೆ ನಿಲ್ಲಿಸಿ ಒಂದೊಂದು ಮಾತು ಕನ್ನಡದಲ್ಲಿ ಹೇಳಿ. ಬೇಜಾರು ಮಾಡಿಕೊಳ್ಳಬೇಡಿ, ಅವರು ನಿಮಗೆ ಎಷ್ಟು ಕಥೆ ಹೇಳಿಲ್ಲ?

ಒಂದೇ ರೂಮಿನಲ್ಲಿ ನಡೆಯೋ ಸಿನಿಮಾ?

ಹಿಚ್‌ಕಾಕ್‌ನ 'ರಿಯರ್ ವಿಂಡೋ', ಕಾಲು ಮುರಿದು ಕಿಟಕಿ ಪಕ್ಕ ಕೂತವನ ಕಥೆ. ಮತ್ತೆ '12 ಆ್ಯಂಗ್ರಿ ಮೆನ್', 1957. ಹನ್ನೆರಡು ಜನ ಜ್ಯೂರಿ, ಒಂದು ಕೋಣೆ, ಸೆಕೆ, ಒಬ್ಬ ಹುಡುಗನ ಪ್ರಾಣ. ಎರಡೂ ಒಂದೇ ಉಸಿರಿನಲ್ಲಿ ನೋಡಿಸಿಕೊಂಡು ಹೋಗುತ್ತವೆ.

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ಒಂಟಿಯಾಗಿದ್ದಾರೆ. ಅವರಿಗೆ ಏನು ಹೇಳೋದು?

ಎರಡನೇ ಅಲೆಯಲ್ಲಿ ನಮ್ಮ ಚಿಕ್ಕಪ್ಪ ಮಹಡಿ ರೂಮಿನಲ್ಲಿ ಒಬ್ಬರೇ ಇದ್ದರು. ನಾವು ಕೆಳಗೆ. ರಾತ್ರಿ ಊಟ ಬಾಗಿಲಲ್ಲಿಟ್ಟು ಬಂದ ಮೇಲೆ ಫೋನ್ ಮಾಡಿ, ಮೂರು ಎಣಿಸಿ, ಅವರು ಮೊಬೈಲಿನಲ್ಲಿ ನಾವು ಟಿವಿಯಲ್ಲಿ ಒಂದೇ ಸಿನಿಮಾ ಒಟ್ಟಿಗೆ ಹಾಕುತ್ತಿದ್ದೆವು. ನಗು ಬರುವ ಕಡೆ ಮೇಲಿನಿಂದ ಕೆಮ್ಮು ಮಿಶ್ರಿತ ನಗು ಕೇಳಿಸೋದು. ಅಷ್ಟು ಸಾಕಾಗಿತ್ತು ನಮಗೆ. ಅಂಥ ಹೊತ್ತಿನಲ್ಲಿ 'ಶರಪಂಜರ', 'ದಿಯಾ' ಬೇಡವೇ ಬೇಡ. ಮೊದಲೇ ನೋಡಿದ, ಏನಾಗುತ್ತೆ ಅಂತ ಗೊತ್ತಿರುವ ಹಾಸ್ಯ ಚಿತ್ರ ಹಾಕಿ. ಕಾಯಿಲೆಯವರಿಗೆ ತಲೆಗೆ ಕೆಲಸ ಕೊಡಬಾರದು.

ಟೆಲಿಗ್ರಾಂನಲ್ಲಿ ಎಲ್ಲಾ ಫ್ರೀಯಾಗಿ ಸಿಗುತ್ತಲ್ಲ?

ಸಿಗುತ್ತೆ, ನೋಡಬೇಡಿ. ಸಣ್ಣ ಸಿನಿಮಾ ಮಾಡಿದವರು ಸಾಲ ಮಾಡಿ ಮಾಡಿರುತ್ತಾರೆ. ಕದ್ದ ಪ್ರಿಂಟ್ ನೋಡಿ "ಕನ್ನಡದಲ್ಲಿ ಒಳ್ಳೆ ಸಿನಿಮಾ ಬರಲ್ಲ" ಅನ್ನುವುದು ನ್ಯಾಯವಲ್ಲ. ಹಳೆಯ ಎಷ್ಟೋ ಕನ್ನಡ ಸಿನಿಮಾಗಳು ಯೂಟ್ಯೂಬ್‌ನಲ್ಲಿ ಹಕ್ಕು ಇರುವವರ ಚಾನೆಲ್‌ಗಳಲ್ಲೇ ಇವೆ. ಓಟಿಟಿಯಲ್ಲಿ ಯಾವುದು ಎಲ್ಲಿದೆ ಅನ್ನೋದು ಬದಲಾಗುತ್ತಾ ಇರುತ್ತೆ. ಹೆಸರು ಹಾಕಿ ಹುಡುಕಿ ನೋಡಿ, ಒಂದು ಚಂದಾ ಇಬ್ಬರು ಮೂವರು ಸೇರಿ ತೆಗೆದುಕೊಳ್ಳುವ ಪ್ಲಾನ್ ಇದ್ದರೆ ತೆಗೆದುಕೊಳ್ಳಿ.

ಮನೆಯಲ್ಲೇ ಇಷ್ಟು ಚೆನ್ನಾಗಿ ನೋಡಬಹುದಾದರೆ ಥಿಯೇಟರ್ ಯಾಕೆ ಬೇಕು?

ಬೇಕು. ಶಾಂತಲಾ ಥಿಯೇಟರ್ 2020ರಲ್ಲಿ ಮುಚ್ಚಿತು ಅಂತ ಕೇಳಿದಾಗ ಮೈಸೂರಿನವರಿಗೆ ಎಷ್ಟು ಬೇಜಾರಾಯಿತು ಅಂತ ಬೇರೆ ಹೇಳಬೇಕಿಲ್ಲ. ಮನೆಯಲ್ಲಿ ನೋಡುವುದು ಬಾಯಿಪಾಠ ಆದ ಮೇಲೆ ಥಿಯೇಟರ್‌ಗೆ ಹೋಗುವ ಅಭ್ಯಾಸ ತಪ್ಪಿತು. ಪುನೀತ್ ಅವರ 'ಯುವರತ್ನ' 2021ರ ಏಪ್ರಿಲ್ 1ಕ್ಕೆ ಥಿಯೇಟರ್‌ಗೆ ಬಂತು. ಎರಡನೇ ಅಲೆಗೆ ನಿರ್ಬಂಧ ಬಂದು, ಒಂಬತ್ತನೇ ತಾರೀಖಿಗೆ ಮೊಬೈಲ್‌ನಲ್ಲಿತ್ತು. ಅಭಿಮಾನಿಗಳ ಜೊತೆ ಶಿಳ್ಳೆ ಹೊಡೆದು ನೋಡಬೇಕಾದ ಸಿನಿಮಾವನ್ನು ಸೋಫಾ ಮೇಲೆ ಒಬ್ಬರೇ ನೋಡಿದೆವು. ಅದೇ ಅಕ್ಟೋಬರ್‌ನಲ್ಲಿ ಅಪ್ಪು ಹೋದರು. ಆ ಶಿಳ್ಳೆ ಬಾಕಿ ಉಳಿದೇ ಹೋಯಿತು.

ಪಟ್ಟಿಯಲ್ಲಿ 'ಕೆಜಿಎಫ್' ಯಾಕಿಲ್ಲ?

ಯಶ್ ಮೈಸೂರಿನಲ್ಲಿ ಬೆಳೆದ ಹುಡುಗ, ಹೆಮ್ಮೆ ಇದ್ದೇ ಇದೆ. ಆದರೆ ಇದು ಮನೆಯಲ್ಲಿ ನೋಡುವ ಸಿನಿಮಾಗಳ ಪಟ್ಟಿ. 'ಕೆಜಿಎಫ್' ನೋಡಬೇಕಾದರೆ ದೊಡ್ಡ ಪರದೆಯಲ್ಲಿ, ಜನರ ಮಧ್ಯೆ ನೋಡಿ. ಮರುಬಿಡುಗಡೆ ಆದಾಗ ಫೋನ್ ಮಾಡಿ, ನಾನೂ ಬರುತ್ತೇನೆ.